ನೌಪಾಡಾದಿಂದ ನಭಕ್ಕೆ: ಖಾಸಗಿ ಪೈಲಟ್ ಪರವಾನಗಿಯ ಹಾರಾಟ ಪರೀಕ್ಷೆ

ಠಾಣೆಯ ನೌಪಾಡಾ ಎಂದೊಡನೆ ನಮಗೆ ನೆನಪಾಗುವುದು ಗೋಖಲೆ ರಸ್ತೆಯ ಅಂಗಡಿ ಸಾಲು, ರಾಮ ಮಾರುತಿ ರಸ್ತೆಯ ಸಂಜೆಯ ಜನಸಂದಣಿ, ತುಸು ಆಚೆಗೆ ಮಾಸುಂದಾ ಕೆರೆಯ ತಂಪು. ವಿಮಾನಯಾನಕ್ಕೂ ಈ ಬಡಾವಣೆಗೂ ಮೇಲ್ನೋಟಕ್ಕೆ ಯಾವ ನಂಟೂ ಇಲ್ಲ. ಆದರೆ ಇಲ್ಲಿಯ ಕನ್ನಡ ಕುಟುಂಬವೊಂದರ ಮಗಳು ಖಾಸಗಿ ಪೈಲಟ್ ಪರವಾನಗಿಯ ಹಾರಾಟ ಪರೀಕ್ಷೆಯಲ್ಲಿ ಮೊದಲ ಸಲ ಅನುತ್ತೀರ್ಣಳಾಗಿ, ಎರಡನೆಯ ಸಲ ಉತ್ತೀರ್ಣಳಾದ ಸಂಗತಿ ನಮ್ಮ ಕಿವಿಗೆ ಬಿದ್ದಾಗ, ಈ ಪರೀಕ್ಷೆ ಎಂದರೇನು, ಅದರಲ್ಲಿ ಅಳೆಯುವುದು ಏನನ್ನು ಎಂಬ ಕುತೂಹಲ ನಮ್ಮಲ್ಲಿ ಮೂಡಿತು. ಮಕ್ಕಳನ್ನು ಈ ದಾರಿಗೆ ಕಳುಹಿಸಲು ಯೋಚಿಸುತ್ತಿರುವ ಪಾಲಕರಿಗೂ ಉಪಯೋಗವಾದೀತೆಂಬ ಆಶಯದಿಂದ ಈ ವಿವರಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಮುಂಬಯಿಯ ಹಿರಿಮೆ

ಭಾರತದ ನೆಲದಲ್ಲಿ ಈ ಪರವಾನಗಿಯ ಕಥೆ ಆರಂಭವಾಗುವುದೇ ಮುಂಬಯಿಯಿಂದ. 1928ರಲ್ಲಿ ಜುಹೂವಿನಲ್ಲಿ ವಿಮಾನ ನಿಲ್ದಾಣ ತಲೆಯೆತ್ತಿತು. ಅದೇ ಕಾಲಕ್ಕೆ ಬಾಂಬೆ ಫ್ಲೈಯಿಂಗ್ ಕ್ಲಬ್ಬೂ ಹುಟ್ಟಿಕೊಂಡಿತು. ಅಲ್ಲಿ ಕಲಿತ ಜೆ.ಆರ್.ಡಿ. ಟಾಟಾ ಅವರು 1929ರ ಫೆಬ್ರವರಿ 10ರಂದು ಪಡೆದ ಪರವಾನಗಿಯ ಸಂಖ್ಯೆ ಒಂದು. 1932ರ ಅಕ್ಟೋಬರ್ 15ರಂದು ಅವರು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಅಂಚೆ ಹೊತ್ತು ಜುಹೂವಿನಲ್ಲಿ ಇಳಿದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನು ಮದರಾಸಿಗೆ ಕೊಂಡೊಯ್ದದ್ದು ನಮ್ಮ ಬಳ್ಳಾರಿಯ ಮಾರ್ಗವಾಗಿ. ಹೀಗೆ ಟಾಟಾ ಅವರ ಮೊದಲ ವಿಮಾನ ಅಂಚೆಯ ಹಾದಿಯಲ್ಲಿ ಕನ್ನಡ ನೆಲವೂ ಒಂದು ತಂಗುದಾಣವಾಗಿತ್ತು ಎಂಬುದು ಹೆಮ್ಮೆಯ ಸಂಗತಿ. ಮಹಿಳೆಯರೂ ಹಿಂದೆ ಬೀಳಲಿಲ್ಲ. 1936ರಲ್ಲಿ ಲಾಹೋರಿನಲ್ಲಿ ಸರಳಾ ಠಕ್ರಾಲ್ ಎಂಬ 21ರ ತರುಣಿ, ಪುಟ್ಟ ಮಗುವಿನ ತಾಯಿ, ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನವನ್ನು ಏಕಾಂಗಿಯಾಗಿ ಹಾರಿಸಿದರು.

ಕನ್ನಡ ನಾಡಿನಲ್ಲಿ 1948ರಿಂದ ಬೆಂಗಳೂರಿನ ಜಕ್ಕೂರಿನ ಸರಕಾರಿ ವೈಮಾನಿಕ ತರಬೇತಿ ಶಾಲೆ ಈ ವಿದ್ಯೆಗೆ ಹೆಸರಾಗಿದೆ. ಮುಂಬಯಿ ಪರಿಸರದ ಆಕಾಶ ಇಂದು ದೊಡ್ಡ ವಿಮಾನಗಳಿಂದ ಕಿಕ್ಕಿರಿದಿದೆ. 2025ರ ಅಕ್ಟೋಬರ್‌ನಲ್ಲಿ ನವಿ ಮುಂಬಯಿಯ ವಿಮಾನ ನಿಲ್ದಾಣವೂ ಉದ್ಘಾಟನೆಗೊಂಡಿತು. ಹೀಗಾಗಿ ಠಾಣೆ, ಡೊಂಬಿವಲಿ, ಕಲ್ಯಾಣದ ಮಕ್ಕಳು ಹಾರಲು ಕಲಿಯಬೇಕಾದರೆ ಬಾರಾಮತಿ, ಧುಳೆ, ಗೋಂದಿಯಾ ಮುಂತಾದ ಊರುಗಳಿಗೋ ಕರ್ನಾಟಕಕ್ಕೋ ಹೋಗಿ ನೆಲೆಸಬೇಕಾಗುತ್ತದೆ.

ಪರೀಕ್ಷೆಗೆ ಮುನ್ನ

ಖಾಸಗಿ ಪೈಲಟ್ ಪರವಾನಗಿ ಎಂದರೆ ಸ್ವಂತಕ್ಕೆ ವಿಮಾನ ನಡೆಸುವ ಹಕ್ಕು. ಸಂಬಳಕ್ಕೋ ಬಾಡಿಗೆಗೋ ಹಾರಿಸುವಂತಿಲ್ಲ. ವೃತ್ತಿಯಾಗಿ ಹಾರುವವರಿಗೆ 200 ಗಂಟೆಗಳ ಅನುಭವ ಬೇಡುವ ವಾಣಿಜ್ಯ ಪರವಾನಗಿ ಬೇರೆಯೇ ಇದೆ. ಖಾಸಗಿ ಪರವಾನಗಿಗೆ ಅಭ್ಯರ್ಥಿಗೆ 17 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು, ನಿಗದಿತ ವೈದ್ಯಕೀಯ ತಪಾಸಣೆಯಲ್ಲಿ ಅರ್ಹತೆ ಪಡೆದಿರಬೇಕು. ವಾಯು ನಿಯಮ, ಹವಾಮಾನ, ದಿಕ್ಕುದಾರಿಯ ಲೆಕ್ಕ, ವಿಮಾನ ಹಾಗೂ ಎಂಜಿನ್ನಿನ ಜ್ಞಾನ ಇವುಗಳ ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ 70 ಅಂಕ ಗಳಿಸಬೇಕು. ರೇಡಿಯೋದಲ್ಲಿ ಮಾತನಾಡುವ ಅರ್ಹತೆಗೆ ಪ್ರತ್ಯೇಕ ಪರೀಕ್ಷೆಯಿದೆ. ಕನಿಷ್ಠ 40 ಗಂಟೆಗಳ ಹಾರಾಟ ಆಗಿರಬೇಕು. ಅದರಲ್ಲಿ ಒಂದು ಭಾಗ ಶಿಕ್ಷಕರಿಲ್ಲದೆ ಏಕಾಂಗಿಯಾಗಿ ನಡೆಸಿದ್ದಾಗಿರಬೇಕು. ಒಮ್ಮೆಯಾದರೂ 150 ನಾಟಿಕಲ್ ಮೈಲು, ಅಂದರೆ ಸುಮಾರು 278 ಕಿಲೋಮೀಟರ್ ದೂರದ ಪಯಣವನ್ನು ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ಒಬ್ಬರೇ ಪೂರೈಸಿರಬೇಕು. ಇಷ್ಟೆಲ್ಲ ಆದ ಬಳಿಕವೇ ಪರೀಕ್ಷಕರ ಪಕ್ಕದಲ್ಲಿ ಕುಳಿತು ಹಾರುವ ದಿನ ಬರುತ್ತದೆ.

ನೆಲದ ಮೇಲೆಯೇ ಆರಂಭ

ಪರೀಕ್ಷೆ ಆಕಾಶದಲ್ಲಿ ನಡೆಯುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ವಿಮಾನದ ಕೀಲಿ ಕೈಗೆ ಬರುವ ಮೊದಲೇ ಶುರುವಾಗಿರುತ್ತದೆ. ಇಂದಿನ ಗಾಳಿ ಯಾವ ದಿಕ್ಕಿನದು, ಮೋಡ ಎಷ್ಟು ಎತ್ತರದಲ್ಲಿದೆ, ಇಬ್ಬರ ತೂಕ ಮತ್ತು ಇಂಧನ ಸೇರಿದರೆ ವಿಮಾನ ಸಮತೋಲದಲ್ಲಿ ಇರುವುದೇ, ಈ ಬಿಸಿಲಿಗೆ ಎಷ್ಟು ಉದ್ದದ ರನ್‌ವೇ ಬೇಕು, ಎಂದು ಪರೀಕ್ಷಕರು ಕೇಳುತ್ತಾರೆ. ಬಿಸಿಯೇರಿದಷ್ಟೂ ಗಾಳಿ ತೆಳುವಾಗಿ ರೆಕ್ಕೆಯ ಎತ್ತುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಮೇ ತಿಂಗಳ ಮಧ್ಯಾಹ್ನದ ಉತ್ತರವೂ ಡಿಸೆಂಬರ್ ಬೆಳಗಿನ ಉತ್ತರವೂ ಒಂದೇ ಅಲ್ಲ.

ಬಳಿಕ ವಿಮಾನದ ಸುತ್ತ ಪ್ರದಕ್ಷಿಣೆ. ರೆಕ್ಕೆಯ ಕೆಳಗಿನ ತೂಬಿನಿಂದ ಇಂಧನವನ್ನು ಗಾಜಿನಂಥ ಪಾರದರ್ಶಕ ಬಟ್ಟಲಿಗೆ ಇಳಿಸಿ ಬೆಳಕಿಗೆ ಹಿಡಿಯಬೇಕು. ಸಾಮಾನ್ಯವಾಗಿ ಬಳಸುವ ವಿಮಾನದ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ. ನೀರು ಸೇರಿದ್ದರೆ ಅದು ಭಾರವಾದ್ದರಿಂದ ತಳದಲ್ಲಿ ಗುಳ್ಳೆಯಂತೆ ಕೂರುತ್ತದೆ. ಮಳೆಗಾಲದ ತೇವದಲ್ಲಿ ಅರೆಖಾಲಿ ಟಾಂಕಿಯೊಳಗೆ ರಾತ್ರಿ ನೀರು ಹನಿಗಟ್ಟುವುದು ಸಾಮಾನ್ಯ. ಆ ಒಂದು ಚಮಚ ನೀರು ಗಗನದಲ್ಲಿ ಎಂಜಿನ್ನನ್ನೇ ನಿಲ್ಲಿಸಬಲ್ಲದು. ಈ ತಪಾಸಣೆಯನ್ನು ಅವಸರದಿಂದ ಮುಗಿಸುವವರನ್ನು ಪರೀಕ್ಷಕರ ಕಣ್ಣು ತಪ್ಪದೆ ಗುರುತಿಸುತ್ತದೆ.

ಆಕಾಶದಲ್ಲಿ

ಮೇಲೇರಿದ ಮೇಲೆ ನೇರ ಹಾರಾಟ, ತಿರುವು, ನಿಧಾನ ಹಾರಾಟಗಳ ಸರದಿ. ಕಡಿದಾದ ತಿರುವಿನಲ್ಲಿ ವಿಮಾನವನ್ನು 45 ಡಿಗ್ರಿಯಷ್ಟು ಓರೆಯಾಗಿಸಿ ಎತ್ತರ ಕಳೆದುಕೊಳ್ಳದೆ ಸುತ್ತಬೇಕು. ಆಗ ರೆಕ್ಕೆಯ ಮೇಲಿನ ಭಾರ ಸುಮಾರು 1.4 ಪಟ್ಟಾಗುತ್ತದೆ, 60 ಡಿಗ್ರಿಯಲ್ಲಿ ಅದು ಇಮ್ಮಡಿ.

ಮುಂದಿನದು 'ಸ್ಟಾಲ್'. ಈ ಶಬ್ದವನ್ನು ಕೇಳಿದಾಗ ಕಾರಿನಂತೆ ಎಂಜಿನ್ ನಿಂತುಹೋಯಿತೆಂದು ಹಲವರು ತಿಳಿಯುತ್ತಾರೆ. ಎಂಜಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ಎದುರಿನಿಂದ ಬರುವ ಗಾಳಿಗೆ ರೆಕ್ಕೆ ಅತಿಯಾದ ಕೋನದಲ್ಲಿ ನಿಂತಾಗ, ಅದರ ಮೇಲ್ಮೈಯ ಗಾಳಿಯ ಹರಿವು ಮುರಿದು, ಎತ್ತುವ ಬಲ ಕುಸಿಯುತ್ತದೆ. ಮೂಗು ಕೆಳಗೆ ಬೀಳತೊಡಗಿದಾಗ ಮನುಷ್ಯನ ಸಹಜ ಪ್ರವೃತ್ತಿ ಹಿಡಿಯನ್ನು ಹಿಂದಕ್ಕೆ ಎಳೆಯುವುದು. ಹಾಗೆ ಮಾಡಿದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ. ಹಿಡಿಯನ್ನು ಮುಂದಕ್ಕೆ ಬಿಟ್ಟು, ಶಕ್ತಿ ಹೆಚ್ಚಿಸಿ, ರೆಕ್ಕೆಗಳನ್ನು ಸಮಗೊಳಿಸಬೇಕು. ಬೀಳುವ ಭಯವಿದ್ದಾಗಲೂ ಮೂಗನ್ನು ಕೆಳಗೆ ಮಾಡುವ ಈ ಸಂಯಮ ಅಭ್ಯಾಸದಿಂದ ಮಾತ್ರ ಬರುವಂಥದ್ದು.

ಇದ್ದಕ್ಕಿದ್ದಂತೆ ಪರೀಕ್ಷಕರು ಶಕ್ತಿಯನ್ನು ಪೂರ್ತಿ ಇಳಿಸಿ, 'ನಿಮ್ಮ ಎಂಜಿನ್ ಕೆಟ್ಟಿದೆ' ಎನ್ನುತ್ತಾರೆ. ಸೆಸ್ನಾ 172ರಂಥ ವಿಮಾನ 2000 ಅಡಿ ಎತ್ತರದಿಂದ, ಗಾಳಿ ಶಾಂತವಾಗಿದ್ದರೆ, ಸುಮಾರು ಐದೂವರೆ ಕಿಲೋಮೀಟರ್ ತೇಲಿ ಹೋಗಬಲ್ಲದು. ನೌಪಾಡಾದಿಂದ ಮುಲುಂಡ್ ದಾಟಿ ಭಾಂಡುಪ್ ಸಮೀಪಿಸುವಷ್ಟು ದೂರ. ಕೈಯಲ್ಲಿರುವುದು ಮೂರು ನಿಮಿಷಕ್ಕಿಂತ ಹೆಚ್ಚಿಲ್ಲ. ಅಷ್ಟರೊಳಗೆ ಸರಿಯಾದ ತೇಲುವ ವೇಗ ಹಿಡಿಯಬೇಕು, ಗದ್ದೆಯೊಂದನ್ನು ಆರಿಸಬೇಕು, ಇಂಧನದ ಕವಾಟ ಮುಂತಾದವನ್ನು ತಪಾಸಿಸಬೇಕು, 'ಮೇಡೇ' ಎಂದು ಮೂರು ಬಾರಿ ಹೇಳುವುದನ್ನು ತಿಳಿಸಬೇಕು, ಆಪತ್ತಿನ ಸಂಕೇತ ಸಂಖ್ಯೆ 7700 ಎಂಬುದು ನೆನಪಿರಬೇಕು. ಕಬ್ಬು ಎತ್ತರಕ್ಕೆ ಬೆಳೆದ ಹೊಲಕ್ಕಿಂತ ಕೊಯ್ಲಾದ ಜೋಳದ ಹೊಲ ಲೇಸು. ವಿದ್ಯುತ್ ತಂತಿಗಳನ್ನು ಗಮನಿಸಬೇಕು. ಗಾಳಿಯ ದಿಕ್ಕನ್ನು ಆಲೆಮನೆಯ ಹೊಗೆಯಿಂದಲೂ ತಿಳಿಯಬಹುದು. ಸುರಕ್ಷಿತ ಎತ್ತರದಲ್ಲಿಯೇ ಪರೀಕ್ಷಕರು ಮತ್ತೆ ಮೇಲೇರಲು ಸೂಚಿಸುತ್ತಾರೆ. ಆದರೆ ಆ ಹೊಲಕ್ಕೆ ನಿಜವಾಗಿಯೂ ತಲುಪುತ್ತಿದ್ದೆವೇ ಎಂಬುದು ಇಬ್ಬರಿಗೂ ಗೊತ್ತಾಗಿರುತ್ತದೆ.

ಇಳಿಯುವ ಮತ್ತು ಇಳಿಯದಿರುವ ಕಲೆ

ನಮ್ಮ ನೌಪಾಡಾದ ಹುಡುಗಿ ಮೊದಲ ಸಲ ಸೋತದ್ದು ಇದ್ಯಾವುದರಲ್ಲೂ ಅಲ್ಲ. ಅವಳೇ ನಮಗೆ ಹೇಳಿದಂತೆ, ಕೊನೆಯ ಇಳಿಯುವಿಕೆಯಲ್ಲಿ ವಿಮಾನ ತುಸು ಎತ್ತರದಲ್ಲಿತ್ತು, ವೇಗವೂ ಹೆಚ್ಚಾಗಿತ್ತು. ಇಷ್ಟು ಚೆನ್ನಾಗಿ ನಡೆದ ಪರೀಕ್ಷೆಯನ್ನು ಹಾಳುಮಾಡಬಾರದೆಂದು ಅವಳು ಹಟ ಹಿಡಿದು ಇಳಿಸಿದಳು. ಚಕ್ರ ನೆಲ ಮುಟ್ಟುವಷ್ಟರಲ್ಲಿ ರನ್‌ವೇಯ ಅರ್ಧ ಕಳೆದಿತ್ತು. ವಿಮಾನಕ್ಕೆ ಏನೂ ಆಗಲಿಲ್ಲ. ಪರೀಕ್ಷಕರು ಮಾತ್ರ ತೇರ್ಗಡೆ ಮಾಡಲಿಲ್ಲ. ಮನೆಯಲ್ಲಿ ಬೇಸರ ಕವಿಯಿತು. ತಂದೆ ಸಾಲ ಮಾಡಿ ಕಳುಹಿಸಿದ್ದರು. ಮತ್ತೆ ಅಭ್ಯಾಸದ ಗಂಟೆಗಳೆಂದರೆ ಮತ್ತೆ ಖರ್ಚು.

ಎರಡನೆಯ ಸಲವೂ ಅಡ್ಡಗಾಳಿ ಬೀಸಿ ವಿಮಾನ ರನ್‌ವೇಯ ನಡುಗೆರೆಯಿಂದ ಸರಿಯಿತು. ಈ ಬಾರಿ ಅವಳು ಹಟ ಮಾಡಲಿಲ್ಲ. ಪೂರ್ಣ ಶಕ್ತಿ ಕೊಟ್ಟು, ಮೂಗೆತ್ತಿ, ರೆಕ್ಕೆಯ ಫ್ಲ್ಯಾಪುಗಳನ್ನು ಹಂತಹಂತವಾಗಿ ಮಡಚಿ, 'ಗೋಯಿಂಗ್ ಅರೌಂಡ್' ಎಂದು ರೇಡಿಯೋದಲ್ಲಿ ತಿಳಿಸಿ ಮತ್ತೆ ಮೇಲೇರಿದಳು. ಫ್ಲ್ಯಾಪುಗಳನ್ನು ಒಮ್ಮೆಲೇ ಮಡಚಿದರೆ ವಿಮಾನ ಕುಸಿಯುವ ಅಪಾಯವಿರುತ್ತದೆ. ಇನ್ನೊಂದು ಸುತ್ತು ಹಾಕಿ ಅಚ್ಚುಕಟ್ಟಾಗಿ ಇಳಿದಳು. ಪರೀಕ್ಷಕರು ಕೈಕುಲುಕಿದರು.

ಸುದ್ದಿ ತಿಳಿದ ಅಜ್ಜಿ ಕೇಳಿದರಂತೆ: "ಇಳಿಯಲಾರದೆ ಮೇಲೆ ಹೋದದ್ದಕ್ಕೂ ಪಾಸು ಮಾಡ್ತಾರೇನೇ?"

"ಅದಕ್ಕೇ ಪಾಸು ಮಾಡಿದ್ದು ಅಜ್ಜಿ" ಎಂದಳಂತೆ ಮೊಮ್ಮಗಳು.

ಪರೀಕ್ಷೆಯ ಒಟ್ಟು ತಾತ್ಪರ್ಯ ಈ ಮಾತಿನಲ್ಲಿ ಅಡಗಿದೆ ಎಂದು ನಮಗೆ ಅನಿಸುತ್ತದೆ. ತಪ್ಪೇ ಮಾಡದ ಕೈಚಳಕವನ್ನು ಪರೀಕ್ಷಕರು ಹುಡುಕುವುದಿಲ್ಲ. ತಪ್ಪನ್ನು ಬೇಗ ಗುರುತಿಸಿ, ಮುಜುಗರವನ್ನು ಬದಿಗಿಟ್ಟು, ತಿದ್ದಿಕೊಳ್ಳುವ ವಿವೇಕವಿದೆಯೇ ಎಂದು ನೋಡುತ್ತಾರೆ. ನಾಳೆ ಪಕ್ಕದ ಆಸನದಲ್ಲಿ ಪರೀಕ್ಷಕರ ಬದಲು ಅಪ್ಪನೋ ಗೆಳತಿಯೋ ಕುಳಿತಿರುತ್ತಾರೆ. ಆಗ ತಿಳಿಹೇಳುವವರು ಯಾರೂ ಇರುವುದಿಲ್ಲ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ತರಬೇತಿಗೆ ಹಣ ಕಟ್ಟುವ ಮುನ್ನ ವೈದ್ಯಕೀಯ ತಪಾಸಣೆ ಮಾಡಿಸಿರಿ. ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯೇ, ಎಷ್ಟು ವಿಮಾನಗಳು ಹಾರುವ ಸ್ಥಿತಿಯಲ್ಲಿವೆ ಎಂದು ಸ್ವತಃ ಹೋಗಿ ನೋಡಿರಿ. ಮಗ ಅಥವಾ ಮಗಳು ಒಮ್ಮೆ ಅನುತ್ತೀರ್ಣರಾದರೆ ಅದನ್ನು ಅವಮಾನವೆಂದು ಬಗೆಯದಿರಿ. ಇನ್ನೊಂದು ಸುತ್ತು ಹಾಕಿ ಬರಲು ಮನೆಯವರೂ ಅವಕಾಶ ಕೊಡಬೇಕು. ಹಾರುವ ಕನಸು ಹೊತ್ತ ನಮ್ಮೆಲ್ಲ ಕನ್ನಡದ ಮಕ್ಕಳಿಗೆ ಶುಭವಾಗಲಿ.