ಮೂಳೆಯಲ್ಲಿ ನೆಟ್ಟ ಗೂಟ

ಹಗ್ಗ ಎಷ್ಟೇ ಗಟ್ಟಿಯಾಗಿರಲಿ, ಗೂಟ ಸಡಿಲವಾಗಿದ್ದರೆ ದನ ನಿಲ್ಲುವುದಿಲ್ಲವೆಂಬುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ತಿಳಿದ ಸಂಗತಿ. ಗೂಟ ಗಟ್ಟಿಯಾಗಿದ್ದು ನೆಲ ಮೆತ್ತಗಿದ್ದರೂ ಅದೇ ಗತಿ. ಮೂಳೆಯಿಂದ ಹರಿದುಹೋದ ಮೆದು ಭಾಗವನ್ನು ಪುನಃ ಮೂಳೆಗೆ ಕಟ್ಟಬೇಕಾದ ಶಸ್ತ್ರವೈದ್ಯರ ಮುಂದಿರುವುದೂ ಇದೇ ಸಮಸ್ಯೆ.

ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಈ ವಿಷಯದಲ್ಲಿ ಕುತೂಹಲ ಹುಟ್ಟಿದುದಕ್ಕೆ ಕಾರಣವುಂಟು. ಮಂಡಿಯಲ್ಲಿ ಮೂಟೆ ಹೊರುವ ನಮ್ಮ ತಂದೆಯವರ ಬಲಭುಜದಲ್ಲಿ ಇಂತಹ ಎರಡು ಗೂಟಗಳಿವೆ. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಿಗೆ ನೋವು ಇಳಿಯಿತು. ಕೂಡಲೇ ಅವರು ಕೆಲಸಕ್ಕೆ ಹೊರಟು ನಿಂತರು. ತಡೆದುದಕ್ಕೆ, “ಕಬ್ಬಿಣ ಹಾಕವ್ರಲ್ಲಪ್ಪ, ಇನ್ನೆಲ್ಲಿ ಕಿತ್ಕೊಂಡು ಬರ್ತದೆ?” ಎಂದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕಿ ಓದಿದುದರ ಸಾರವೇ ಈ ಲೇಖನ.

ಮೊದಲು ಶರೀರದ ರಚನೆಯನ್ನು ನೋಡೋಣ. ಭುಜದ ಕೀಲಿನ ಸುತ್ತ ನಾಲ್ಕು ಸ್ನಾಯುಗಳಿವೆ. ಅವುಗಳ ತುದಿಗಳು ಅಂಗಿಯ ಕೈಪಟ್ಟಿಯಂತೆ ತೋಳಿನ ಮೂಳೆಯ ತಲೆಯನ್ನು ಸುತ್ತಿ ಹಿಡಿದಿರುವುದರಿಂದ ಇವಕ್ಕೆ ರೊಟೇಟರ್ ಕಫ್ ಎಂದು ಹೆಸರು. ಸ್ನಾಯುವನ್ನು ಮೂಳೆಗೆ ಸೇರಿಸುವ ಬಿಳಿಯ ನಾರಿನ ಪಟ್ಟಿಯೇ ಸ್ನಾಯುರಜ್ಜು. “ನರ ಕಿತ್ತಿತು” ಎಂದು ನಾವು ವಾಡಿಕೆಯಲ್ಲಿ ಹೇಳುವಾಗ ಅನೇಕ ವೇಳೆ ಕಿತ್ತಿರುವುದು ನರವಲ್ಲ, ಈ ರಜ್ಜು. ಭುಜದ ಮೇಲ್ಭಾಗದ ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ರಜ್ಜು ಉಳಿದವುಗಳಿಗಿಂತ ಹೆಚ್ಚಾಗಿ ಹರಿಯುತ್ತದೆ.

ರಜ್ಜು ಮೆದು, ಮೂಳೆ ಗಡುಸು. ಇವೆರಡನ್ನೂ ಪ್ರಕೃತಿಯು ನೇರವಾಗಿ ಅಂಟಿಸಿಲ್ಲ. ರಜ್ಜುವಿನ ಮುಂದೆ ನಾರುಳ್ಳ ಮೃದ್ವಸ್ಥಿ, ಅದರ ಮುಂದೆ ಸುಣ್ಣಗಟ್ಟಿದ ಮೃದ್ವಸ್ಥಿ, ಆಮೇಲೆ ಮೂಳೆ. ಹೀಗೆ ನಾಲ್ಕು ಹಂತಗಳಲ್ಲಿ ಮೆದುವು ಕ್ರಮೇಣ ಗಡುಸಾಗುತ್ತದೆ. ಎಳೆತವು ಒಂದೇ ಕಡೆ ಬೀಳದೆ ಹಂಚಿಹೋಗುವುದು ಇದರಿಂದಲೇ.

ಹರಿದ ರಜ್ಜುವನ್ನು ಹೊಲಿದು ಸೇರಿಸಿದ ವಿವರವನ್ನು ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ೧೯೧೧ರಲ್ಲಿ ಪ್ರಕಟಿಸಿದನು. ಬಹುಕಾಲದವರೆಗೆ ರೂಢಿಯಲ್ಲಿದ್ದ ವಿಧಾನವೆಂದರೆ ಮೂಳೆಯಲ್ಲಿ ಆರಪಾರ ರಂಧ್ರ ಕೊರೆದು, ದಾರವನ್ನು ತೂರಿಸಿ ಗಂಟು ಹಾಕುವುದು. ಇದು ಒಳ್ಳೆಯ ವಿಧಾನವೇ. ಆದರೆ ಎಳೆದಂತೆಲ್ಲ ದಾರವು ಮೆತ್ತನೆಯ ಮೂಳೆಯನ್ನು ಕೊರೆಯುತ್ತಿತ್ತು. ಸಣ್ಣ ರಂಧ್ರದಿಂದ ದುರ್ಬೀನು ತೂರಿಸಿ ಮಾಡುವ ಶಸ್ತ್ರಕ್ರಿಯೆಗೂ ಅದು ಸುಲಭವಾಗಿ ಒಗ್ಗುತ್ತಿರಲಿಲ್ಲ. ೧೯೮೦ರ ದಶಕದಲ್ಲಿ ಅಮೆರಿಕದಲ್ಲಿ ಬೇರೊಂದು ಉಪಾಯ ಬಳಕೆಗೆ ಬಂದಿತು. ದಾರವನ್ನು ಮೊದಲೇ ಪೋಣಿಸಿರುವ ಸಣ್ಣ ಗೂಟವೊಂದನ್ನು ಮೂಳೆಯಲ್ಲಿ ನೆಟ್ಟು, ಹೊರಗುಳಿದ ದಾರದಿಂದ ರಜ್ಜುವನ್ನು ಬಿಗಿಯುವುದೇ ಆ ಉಪಾಯ. ಇದನ್ನು ಸೂಚರ್ ಆಂಕರ್, ಅಂದರೆ ಹೊಲಿಗೆಯ ಲಂಗರು ಎನ್ನುತ್ತಾರೆ. ಭುಜಕ್ಕೆ ಬಳಸುವ ತಿರುಪಿನ ಲಂಗರಿನ ದಪ್ಪ ಸುಮಾರು ೫ ಮಿಲಿಮೀಟರ್.

ಇಷ್ಟು ಚಿಕ್ಕ ವಸ್ತುವಿನಲ್ಲಿ ಯೋಚಿಸಬೇಕಾದ ಸಂಗತಿಗಳು ಅನೇಕ. ಮೊದಲನೆಯದು ಹಿಡಿತ. ಕೆಲವು ಲಂಗರುಗಳು ತಿರುಪಿನಂತೆ ಮೂಳೆಯನ್ನು ಕಚ್ಚುತ್ತವೆ. ಕೆಲವಕ್ಕೆ ನಿಟಿನಾಲ್ ಎಂಬ ಲೋಹದ ಮುಳ್ಳುಗಳಿದ್ದು, ಒಳಹೋಗುವಾಗ ಮಡಚಿಕೊಂಡು, ಹೋದಮೇಲೆ ಸೆಟೆದು ನಿಲ್ಲುತ್ತವೆ. ಇತ್ತೀಚಿನ ಕೆಲವು ಬರಿಯ ದಾರದಿಂದಲೇ ಆದವು. ಎಳೆದಾಗ ರಂಧ್ರದೊಳಗೆ ಉಂಡೆಗಟ್ಟಿ ನಿಲ್ಲುತ್ತವೆ. ಆದರೆ ಮೂಳೆಯ ಹೊರಪದರ ಗಟ್ಟಿ, ಒಳಗಿನದು ಸ್ಪಂಜಿನಂತಹುದು. ವಯಸ್ಸಾದವರಲ್ಲಿ ಅದು ಇನ್ನೂ ಟೊಳ್ಳು. ಆದುದರಿಂದ ಒಬ್ಬರಲ್ಲಿ ಭದ್ರವಾಗಿ ನಿಂತ ಲಂಗರು ಇನ್ನೊಬ್ಬರಲ್ಲಿ ಅಲುಗಬಹುದು.

ಎರಡನೆಯದು ನೆಡುವ ಕೋನ. ಅಮೆರಿಕದ ಟೆಕ್ಸಸ್ ಪ್ರಾಂತದ ಶಸ್ತ್ರವೈದ್ಯ ಸ್ಟೀಫನ್ ಬರ್ಕ್‌ಹಾರ್ಟ್ ಅಲ್ಲಿನ ಹೊಲದ ಬೇಲಿಗಳನ್ನು ನೋಡಿ, ಮೂಲೆಗಂಬವನ್ನು ತಂತಿಯಿಂದ ಹೂತ ಭಾರಕ್ಕೆ ಓರೆಯಾಗಿ ಕಟ್ಟುವ ಕ್ರಮವನ್ನು ಮೂಳೆಗೆ ಅನ್ವಯಿಸಿ ೧೯೯೫ರಲ್ಲಿ ಬರೆದನು. ಡೇರೆಯ ಗೂಟದಂತೆ ಲಂಗರನ್ನೂ ಎಳೆತಕ್ಕೆ ವಿರುದ್ಧವಾಗಿ, ೪೫ ಡಿಗ್ರಿ ಮೀರದಂತೆ ಓರೆಯಾಗಿ ನೆಡಬೇಕೆಂಬುದು ಅವನ ಮತ. ತಿರುಪಿನ ಲಂಗರುಗಳು ನೇರವಾಗಿ ನೆಟ್ಟಾಗಲೇ ಹೆಚ್ಚು ಹಿಡಿಯುತ್ತವೆಂದು ತರುವಾಯದ ಕೆಲವು ಪ್ರಯೋಗಗಳು ತೋರಿಸಿವೆ.

ಮೂರನೆಯದು ವಸ್ತು. ಟೈಟಾನಿಯಂ ಗಟ್ಟಿ; ಆದರೆ ಸಡಿಲವಾಗಿ ಹೊರಬಂದರೆ ಕೀಲನ್ನು ಉಜ್ಜಿ ಕೆಡಿಸುತ್ತದೆ, ಎಂ.ಆರ್.ಐ. ಚಿತ್ರವನ್ನೂ ಮಸುಕು ಮಾಡುತ್ತದೆ. ಶರೀರದಲ್ಲೇ ಕರಗುವ ಪಾಲಿಮರ್‌ಗಳುಂಟು. ಅವು ಬೇಗ ಕರಗಿದರೆ ಹಿಡಿತ ತಪ್ಪುತ್ತದೆ. ಕೆಲವು ವೇಳೆ ಸುತ್ತಲಿನ ಮೂಳೆಯೂ ಸವೆದು ಗುಳಿ ಬೀಳುತ್ತದೆ.

ಇನ್ನು ದಾರ. ಲಂಗರು, ಅದರ ಕಣ್ಣು, ದಾರ, ಗಂಟು, ರಜ್ಜು—ಇದೊಂದು ಸರಪಳಿ. ಒಂದು ಕೊಂಡಿಯನ್ನು ಬಲಪಡಿಸಿದರೆ ದೌರ್ಬಲ್ಯವು ಇನ್ನೊಂದಕ್ಕೆ ಸರಿಯುತ್ತದೆ. ಹಿಂದೆ ಕಣ್ಣಿನ ಅಂಚಿಗೆ ಉಜ್ಜಿ ದಾರ ತುಂಡಾಗುತ್ತಿತ್ತು. ಈ ಶತಮಾನದ ಆರಂಭದಲ್ಲಿ ಬಲವಾದ ಪಾಲಿಎಥಿಲೀನ್ ದಾರ ಬಂದಮೇಲೆ ದಾರ ಉಳಿಯಿತು, ರಜ್ಜು ಸೋತಿತು. ಬೇಯಿಸಿದ ಮೊಟ್ಟೆಯನ್ನು ನೂಲಿನಿಂದ ಕತ್ತರಿಸುತ್ತೇವಲ್ಲವೆ? ಎಳೆತ ಹೆಚ್ಚಾದರೆ ದಾರವು ರಜ್ಜುವನ್ನು ಹಾಗೆಯೇ ಸೀಳಿ ಹೊರಬರುತ್ತದೆ. ಒಂದೇ ದೊಡ್ಡ ಎಳೆತ ಬೇಕೆಂದಿಲ್ಲ. ಸಣ್ಣ ಎಳೆತಗಳು ಮತ್ತೆ ಮತ್ತೆ ಬಿದ್ದರೂ ಸಾಕು.

ಹಾಗಾದರೆ ಒಳ್ಳೆಯ ಜೋಡಣೆಯ ಲಕ್ಷಣವೇನು? ಸ್ವಿಟ್ಜರ್ಲೆಂಡಿನ ಕ್ರಿಸ್ಟಿಯನ್ ಗೆರ್ಬರ್ ಮತ್ತು ಸಂಗಡಿಗರು ೧೯೯೪ರಲ್ಲಿ ಮೂರು ಮಾತು ಹೇಳಿದರು: ಮೊದಲ ಹಿಡಿತ ಬಲವಾಗಿರಬೇಕು, ರಜ್ಜುವಿಗೂ ಮೂಳೆಗೂ ನಡುವೆ ಸಂದು ಬೀಳಬಾರದು, ಗಾಯ ಕೂಡುವವರೆಗೆ ಇದು ಕೆಡದೆ ನಿಲ್ಲಬೇಕು. ಈ ಮೂರನೆಯ ಮಾತಿನಲ್ಲಿಯೇ ವಿಷಯದ ತಿರುಳಿದೆ. ಲಂಗರು ರಜ್ಜುವನ್ನು ಮೂಳೆಗೆ ಕೂಡಿಸುವುದಿಲ್ಲ, ಕೂಡಿಸುವುದು ಶರೀರ. ಅದು ಕೂಡಿಸುವವರೆಗೆ ಅಲುಗದಂತೆ ಹಿಡಿದಿರುವುದಷ್ಟೇ ಲಂಗರಿನ ಕೆಲಸ. ಶರೀರವಾದರೂ ಹಿಂದಿನ ನಾಲ್ಕು ಹಂತಗಳನ್ನು ಮೊದಲಿನಂತೆ ಕಟ್ಟಲಾರದು; ಗಾಯದ ನಾರಿನಿಂದ ಬೆಸೆಯುತ್ತದೆ, ಅದೂ ನಿಧಾನವಾಗಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತೋಳು ಜೋಲಿಯಲ್ಲಿರಬೇಕು. ಭಾರ ಎತ್ತುವುದಕ್ಕೆ ಅನೇಕ ತಿಂಗಳು ಕಾಯಬೇಕು. ನೋವು ಇಳಿದ ಮಾತ್ರಕ್ಕೆ ಬೆಸುಗೆ ಮುಗಿಯಿತೆಂದು ತಿಳಿಯಬಾರದು.

ತಂದೆಯವರಿಗೆ ಇದನ್ನೇ ಹೇಳಿದೆ: “ಕಬ್ಬಿಣ ಕಿತ್ತುಬರದೇ ಇರಬಹುದು ಅಪ್ಪಾ, ದಾರ ಕಟ್ಟಿರುವುದು ನಿಮ್ಮ ಮಾಂಸಕ್ಕೆ.” ಅವರು ಆರು ತಿಂಗಳು ಕಾದರು. ಲಂಗರಿನ ಬಲವನ್ನು ಪ್ರಯೋಗಶಾಲೆಯ ಯಂತ್ರಗಳಲ್ಲಿ ಅಳೆಯುತ್ತಾರೆ. ಆದರೆ ಕಾಯುವ ಕಾಲವನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು; ರೋಗಿಯ ಮನೆಯವರೇ ಅದನ್ನು ಒದಗಿಸಬೇಕು. ನಮ್ಮ ಮನೆಯಲ್ಲಿ ಅದನ್ನು ಒದಗಿಸಿದವರು ಆ ಆರು ತಿಂಗಳೂ ಕೂಲಿಗೆ ಹೋದ ನಮ್ಮ ತಾಯಿಯವರು. ದಿನಗೂಲಿಯವರಿಗೆ ಇಂತಹ ಚಿಕಿತ್ಸೆ ಮಾಡುವಾಗ ಗೂಟದ ಜೊತೆಗೆ ಆ ತಿಂಗಳುಗಳ ಅನ್ನದ ಲೆಕ್ಕವನ್ನೂ ಹಾಕಬೇಕೆಂಬುದು ನನ್ನ ನಮ್ರ ಅಭಿಪ್ರಾಯ.