ಎಂಸಿಬಿ ಕಾಯುವುದು ಗೋಡೆಯನ್ನು, ನಮ್ಮನ್ನಲ್ಲ

ಪುಸ್ತಕದ ಕಪಾಟಿಗೆಂದು ತಂದ ಪ್ಲೈವುಡ್ಡನ್ನು ಎರಡು ಸ್ಟೂಲುಗಳ ಮೇಲಿಟ್ಟು ಜಿಗ್‌ಸಾದಿಂದ ಕೊಯ್ಯುತ್ತಿದ್ದೆ. ಕಣ್ಣೆಲ್ಲ ಪೆನ್ಸಿಲ್ ಗೆರೆಯ ಮೇಲೆ. ಮೆಷಿನ್ನಿನ ವೈರು ಯಾವಾಗ ಹಲಗೆಯ ಅಡಿಗೆ ಜಾರಿತೋ ಗೊತ್ತಾಗಲಿಲ್ಲ. ಫಟ್ಟೆಂದು ಸದ್ದಾಯಿತು, ಕಿಡಿ ಹಾರಿತು, ಮೆಷಿನ್ನೂ ಫ್ಯಾನೂ ಒಟ್ಟಿಗೇ ನಿಂತವು. ಬೋರ್ಡಿನಲ್ಲಿ ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್, ಬಿದ್ದಿತ್ತು. ಬ್ಲೇಡು ತನ್ನ ಹೊಕ್ಕುಳಬಳ್ಳಿಯನ್ನು ತಾನೇ ಕತ್ತರಿಸಿಕೊಂಡಿತ್ತು.

ಸಂಜೆ ಬಂದ ಎಲೆಕ್ಟ್ರಿಷಿಯನ್ ಹುಡುಗನಿಗೆ, “ಎಂಸಿಬಿ ಇತ್ತಲ್ಲ, ಅದಕ್ಕೇ ಬದುಕಿದೆ ಕಣಪ್ಪ” ಎಂದೆ. ಅವನು ತುಂಡಾದ ವೈರನ್ನು ಹೊರಳಿಸಿ ನೋಡಿ, “ಇಲ್ಲ ಸಾರ್, ಅದು ಕಾಪಾಡಿದ್ದು ಗೋಡೆ ಒಳಗಿರೋ ವೈರನ್ನ. ನಿಮ್ಮನ್ನ ಕಾಪಾಡಿದ್ದು ಅದೃಷ್ಟ. ಬ್ಲೇಡು ಎರಡೂ ಎಳೆ ಒಂದೇ ಸಲಕ್ಕೆ ಕಡಿದುಬಿಟ್ಟಿದೆ” ಎಂದ.

ಆ ಮಾತು ಅರಗಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಮನೆಯಲ್ಲಿ ಮರಗೆಲಸ ಮಾಡುವವರ, ಮಾಡಿಸುವವರ ನಡುವೆ ಓಡಾಡುವ ಬಹುಪಾಲು ತಪ್ಪು ನಂಬಿಕೆಗಳ ಬುಡ ಒಂದೇ: ಒಂದರ ಕಾವಲಿಗೆ ಇಟ್ಟದ್ದು ಇನ್ನೊಂದನ್ನೂ ಕಾಯುತ್ತದೆ ಎಂದುಕೊಳ್ಳುವುದು.

“ಶಾಕ್ ಹೊಡೆದರೆ ಎಂಸಿಬಿ ಬೀಳುತ್ತದೆ”

ಬೀಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಬೆವರಿದ, ಒದ್ದೆಯಾದ ಮೈಯ ರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿಗೆ ಮೈಯೊಳಗೆ ಹರಿಯುವುದು 0.23 ಆಂಪಿಯರ್. ಹಳೆಯ ಕಾಲದ 60 ವ್ಯಾಟ್ ಬುರುಡೆ ಬಲ್ಬು ಇದಕ್ಕಿಂತ ತುಸು ಹೆಚ್ಚೇ ಎಳೆಯುತ್ತಿತ್ತು. ಬಲ್ಬು ಹಾಕಿದ್ದಕ್ಕೆ ಯಾರ ಮನೆಯಲ್ಲಾದರೂ ಎಂಸಿಬಿ ಬಿದ್ದದ್ದುಂಟೆ? 6 ಅಥವಾ 16 ಆಂಪಿನ ಎಂಸಿಬಿಯ ಲೆಕ್ಕದಲ್ಲಿ ಸಾಯುತ್ತಿರುವ ಮನುಷ್ಯನೂ ಒಂದು ಬಲ್ಬು, ಅಷ್ಟೆ. ಆದರೆ ಎದೆಬಡಿತ ತಪ್ಪಿಸಲು ಅದರ ಕಾಲು ಭಾಗದಷ್ಟು ಕರೆಂಟೂ ಸಾಕಾಗಬಹುದು.

ನನ್ನ ಪ್ರಕರಣದಲ್ಲಿ ಬ್ಲೇಡು ಫೇಸ್, ನ್ಯೂಟ್ರಲ್ ಎರಡನ್ನೂ ಮುಟ್ಟಿ ಶಾರ್ಟ್ ಆಯಿತು. ಆಗ ಒಮ್ಮೆಲೇ ಭಾರಿ ಕರೆಂಟು ನುಗ್ಗಿದ್ದರಿಂದ ಎಂಸಿಬಿ ಬಿತ್ತು. ಬರೀ ಫೇಸ್ ಎಳೆಯ ಸಿಪ್ಪೆ ಹರಿದು ಬ್ಲೇಡು ಅದಕ್ಕೆ ತಗುಲಿ ನಿಂತಿದ್ದರೆ? ಬ್ಲೇಡಿನಿಂದ ಮೆಷಿನ್ನಿನ ತಳದ ಲೋಹದ ತಟ್ಟೆಗೂ ಕರೆಂಟು ಬರಬಹುದಿತ್ತು. ಆ ತಟ್ಟೆಯ ಮೂತಿಯನ್ನು ನಾನು ಎಡಗೈಯಿಂದ ಒತ್ತಿ ಹಿಡಿದಿದ್ದೆ. ಮೆಷಿನ್ನನ್ನು ಪ್ಲಾಸ್ಟಿಕ್ ಹಿಡಿಕೆಯಲ್ಲೇ ಹಿಡಿಯಿರಿ ಎಂದು ಅದರ ಜೊತೆ ಬರುವ ಪುಸ್ತಕ ಹೇಳುವುದು ಇದಕ್ಕೇ. ಆ ಪುಸ್ತಕ ಪೆಟ್ಟಿಗೆಯಲ್ಲೇ ಇತ್ತು, ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ.

ಮನುಷ್ಯನನ್ನು ಕಾಯಲೆಂದೇ ಇರುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿನಷ್ಟು ಬೇರೆ ದಾರಿಯಲ್ಲಿ, ಅಂದರೆ ನಿಮ್ಮ ಮೈ ಮೂಲಕ ನೆಲಕ್ಕೆ, ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಅದೇನೂ ಸರ್ವರಕ್ಷಕ ತಾಯತವಲ್ಲ. ಒಂದು ಕೈ ಫೇಸಿಗೆ, ಇನ್ನೊಂದು ಕೈ ನ್ಯೂಟ್ರಲಿಗೆ ತಗುಲಿ ನೆಲಕ್ಕೆ ಏನೂ ಸೋರದಿದ್ದರೆ, ಹೋದದ್ದು ಹೋದಷ್ಟೇ ವಾಪಸು ಬರುತ್ತದೆ. ಆರ್‌ಸಿಸಿಬಿಯ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಟ್ಟುತ್ತಿರುವ ಮನೆಗಳಲ್ಲಂತೂ ತಾತ್ಕಾಲಿಕ ಬೋರ್ಡಿನಲ್ಲಿ ಎಷ್ಟೋ ಸಲ ಅದೂ ಇರುವುದಿಲ್ಲ, ಅರ್ತಿಂಗಿಗೆ ಗುಂಡಿಯನ್ನೂ ತೋಡಿರುವುದಿಲ್ಲ. ನೆಲ ಮಾತ್ರ ಕ್ಯೂರಿಂಗ್ ನೀರಿನಿಂದ ಒದ್ದೆ. ಅಂಥಲ್ಲಿ ಕೆಲಸ ಮಾಡಿಸುವವರು ಆರ್‌ಸಿಸಿಬಿ ಕೂಡಿಸಿದ ಒಂದು ಸಣ್ಣ ಬೋರ್ಡು ಮಾಡಿಸಿ, ಜಿಗ್‌ಸಾ, ಡ್ರಿಲ್ ಎಲ್ಲ ಅದರಿಂದಲೇ ಓಡುವಂತೆ ನೋಡಿಕೊಳ್ಳಬೇಕು. ಮೂರು ಶೀಟ್ ಮೈಕಾದ ಬೆಲೆಯ ಮುಂದೆ ಅದೇನೂ ದೊಡ್ಡ ಖರ್ಚಲ್ಲ.

“ಕಾಲಲ್ಲಿ ಹವಾಯಿ ಚಪ್ಪಲಿ ಇದೆ”

ಇರಲಿ, ಒಳ್ಳೆಯದೇ. ಆದರೆ ಮೇಲೆ ಹೇಳಿದ ಎರಡು ಕೈಗಳ ದಾರಿಯಲ್ಲಿ ಕಾಲಿಗೆ ಪಾತ್ರವೇ ಇಲ್ಲ. ಸವೆದು ಮೊಳೆ ಚುಚ್ಚಿದ, ಸಿಮೆಂಟು ನೀರು ಕುಡಿದ ಚಪ್ಪಲಿಯನ್ನು ನಂಬಿ ಮೊಣಕಾಲೂರಿ ಕೂತು ಕೊಯ್ಯುವವರನ್ನೂ ನೋಡಿದ್ದೇನೆ. ಮೊಣಕಾಲಿಗೆ ಚಪ್ಪಲಿ ಯಾರು ಹಾಕಿದ್ದಾರೆ?

“ಎರಡೇ ಪಿನ್ ಇದೆ, ಡೂಪ್ಲಿಕೇಟ್ ಮಾಲು”

ಅಂಗಡಿಯಲ್ಲಿ ಈ ಮಾತು ಕೇಳಿ ಒಳ್ಳೆಯ ಮೆಷಿನ್ನನ್ನೇ ವಾಪಸು ಕೊಟ್ಟವರಿದ್ದಾರೆ. ಹೆಸರಿನ ಪಟ್ಟಿಯ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕ ಇದೆಯೇ ನೋಡಿ. ಇದ್ದರೆ ಅದು ಡಬಲ್ ಇನ್ಸುಲೇಷನ್ ಮೆಷಿನ್. ಒಳಗಿನ ಮೋಟಾರಿಗೂ ನಿಮ್ಮ ಕೈಗೂ ನಡುವೆ ಎರಡು ಪದರದ ರಕ್ಷಣೆ ಇಟ್ಟಿರುವುದರಿಂದ ಅದಕ್ಕೆ ಅರ್ತ್ ಬೇಕಿಲ್ಲ. ಆ ಎರಡು ಪದರ ಕಾಯುವುದು ಮೆಷಿನ್ನಿನ ಒಳಗೆ ಏನಾದರೂ ಕೆಟ್ಟರೆ ಮಾತ್ರ; ಹೊರಗಿನ ವೈರು ಹರಿದರೆ, ನೀರು ಒಳಹೊಕ್ಕರೆ ಅಲ್ಲ.

ಇದರ ತಿರುಗುಮುರುಗು ಇನ್ನೂ ಅಪಾಯದ್ದು. ಮೂರು ತೂತಿನ ಎಕ್ಸ್‌ಟೆನ್ಷನ್ ಬಾಕ್ಸ್ ಕಂಡರೆ ಅರ್ತ್ ಇದೆ ಎಂದೇ ಜನ ನಂಬುತ್ತಾರೆ. ಅಗ್ಗದ ಎಷ್ಟೋ ಬಾಕ್ಸುಗಳಿಗೆ ಕಟ್ಟಿರುವುದು ಎರಡೇ ಎಳೆಯ ವೈರು. ಮೂರನೆಯ ತೂತು ಬರೀ ತೂತು. ಜಿಗ್‌ಸಾಕ್ಕೆ ಅದರಿಂದ ತೊಂದರೆಯಿಲ್ಲ, ಅದೇ ಬಾಕ್ಸಿಗೆ ಲೋಹದ ಮೈಯ ಹಳೆಯ ಡ್ರಿಲ್ ಅಥವಾ ನೀರಿನ ಪಂಪು ಸಿಕ್ಕಿಸಿದರೆ ಕಾವಲುಗಾರನೇ ಇಲ್ಲದ ಬಾಗಿಲು. ಕೊಳ್ಳುವಾಗ ಪ್ಲಗ್ಗು ಬಿಚ್ಚಿಸಿ ಮೂರು ಎಳೆ ಎಣಿಸಿ. ಅಂಗಡಿಯವನು ಮುಖ ಸಿಂಡರಿಸಿದರೆ ಬೇರೆ ಅಂಗಡಿ.

“ಉದ್ದ ವೈರು ಹಾಕಿದರೆ ಮೆಷಿನ್ ಸುಟ್ಟುಹೋಗುತ್ತದೆ”

ಜಿಗ್‌ಸಾದ ಮಟ್ಟಿಗೆ ಇದು ಅತಿಯಾದ ಭಯ. 600 ವ್ಯಾಟಿನ ಜಿಗ್‌ಸಾ ಎಳೆಯುವುದು 2.6 ಆಂಪು. 0.75 ಚದರ ಮಿಲಿಮೀಟರಿನ ತಾಮ್ರದ ವೈರನ್ನು 30 ಮೀಟರ್ ಎಳೆದರೂ ಕಳೆದುಹೋಗುವುದು ಸುಮಾರು ನಾಲ್ಕು ವೋಲ್ಟ್ ಅಷ್ಟೆ. ನಮ್ಮ ಊರುಗಳಲ್ಲಿ ಸಂಜೆಯಾದರೆ ಇದಕ್ಕಿಂತ ಹೆಚ್ಚು ವೋಲ್ಟೇಜು ತಾನಾಗಿಯೇ ಇಳಿಯುತ್ತದೆ.

ಕತೆ ಬದಲಾಗುವುದು ಬಾಕ್ಸಿನಲ್ಲಿ ಇನ್ನೊಂದು ತೂತು ಖಾಲಿ ಇದೆಯೆಂದು ಧೂಳೆಳೆಯುವ ವ್ಯಾಕ್ಯೂಮ್ ಕ್ಲೀನರನ್ನೂ ಸಿಕ್ಕಿಸಿದಾಗ. ಅದು 1400 ವ್ಯಾಟಿನದಾದರೆ ಒಟ್ಟು 2000 ವ್ಯಾಟ್, ಸುಮಾರು 8.7 ಆಂಪು. ಕರೆಂಟು ಮೂರು ಪಟ್ಟು ಚಿಲ್ಲರೆ ಏರಿದರೆ ವೈರಿನ ಶಾಖ ಹನ್ನೊಂದು ಪಟ್ಟು ಏರುತ್ತದೆ, ಏಕೆಂದರೆ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಹೆಚ್ಚುವುದು. ಆ 30 ಮೀಟರಿನಲ್ಲಿ ಈಗ ನೂರು ವ್ಯಾಟಿಗೂ ಮೀರಿದ ಶಾಖ. ನೆಲದ ಮೇಲೆ ಬಿಚ್ಚಿ ಹರಡಿದ್ದರೆ ಗಾಳಿಗೆ ಆರುತ್ತದೆ. ಆದರೆ ನಮ್ಮ ಶಿಸ್ತು ನೋಡಿ: ಬೇಕಾದ ನಾಲ್ಕು ಮೀಟರ್ ಬಿಚ್ಚಿ ಉಳಿದದ್ದನ್ನು ಸಿಂಬಿ ಸುತ್ತಿ, ಕಾಲಿಗೆ ಸಿಕ್ಕದಿರಲೆಂದು ಮೂಲೆಗಿಟ್ಟು, ಮೇಲೆ ಗೋಣಿಚೀಲ ಎಸೆದಿರುತ್ತೇವೆ. ಸಿಂಬಿಯೊಳಗಿನ ಸುತ್ತುಗಳು ಒಂದನ್ನೊಂದು ಬೇಯಿಸತೊಡಗುತ್ತವೆ. ಸುತ್ತುಚಕ್ರದ ಒಳ್ಳೆಯ ಎಕ್ಸ್‌ಟೆನ್ಷನ್ ಕೊಂಡವರು ಅದರ ಪಕ್ಕದ ಬರಹ ಓದಿ. ಸುತ್ತಿದ್ದಾಗ ಇಷ್ಟು ವ್ಯಾಟ್, ಪೂರ್ತಿ ಬಿಚ್ಚಿದಾಗ ಇಷ್ಟು ಎಂದು ಬೇರೆ ಬೇರೆ ಅಂಕಿ ಇರುತ್ತದೆ.

ಇಲ್ಲೂ ಎಂಸಿಬಿ ಬೀಳುವುದಿಲ್ಲ. 6 ಆಂಪಿನ ಬಾಕ್ಸನ್ನು ಕನ್ವರ್ಟರ್ ಪ್ಲಗ್ ಮೂಲಕ 16 ಆಂಪಿನ ಪವರ್ ಸಾಕೆಟ್ಟಿಗೆ ಹಾಕಿದ್ದೀರಿ; ಹಿಂದಿರುವ ಎಂಸಿಬಿ 16 ಆಂಪಿನದು. ಗೋಡೆಯೊಳಗಿನ ದಪ್ಪ ವೈರಿಗೆ ಎಷ್ಟು ತಾಳಿಕೆಯೋ ಅದನ್ನಷ್ಟೇ ಅದು ಬಲ್ಲದು. ಸಾಕೆಟ್ಟಿನಿಂದ ಈಚೆಗೆ ನೀವು ಎಳೆದ ತೆಳು ವೈರು ಅದರ ಜಹಗೀರಿಗೆ ಸೇರಿದ್ದಲ್ಲ. ಒಂದು ಬಾಕ್ಸಿಗೆ ಇನ್ನೊಂದು ಬಾಕ್ಸ್ ಪೋಣಿಸುವ ಚಾಳಿಯ ಕೇಡೂ ಇದೇ: ಸರಪಳಿಯ ಕೊನೆಯಲ್ಲಿ ಎಷ್ಟೇ ಮೆಷಿನ್ ಓಡಲಿ, ಹೊರೆಯೆಲ್ಲ ಮೊದಲ ಬಾಕ್ಸಿನ ವೈರಿನ ಹೆಗಲಿಗೆ.

“ಟೇಪ್ ಸುತ್ತಿದರೆ ಹೊಸದರ ಹಾಗೆ”

ಜಿಗ್‌ಸಾ ವೈರು ಗೋಡೆಗೆ ಬಡಿದ ವೈರಲ್ಲ. ಅದು ದಿನವಿಡೀ ಎಳೆದಾಡಿಸಿಕೊಳ್ಳುತ್ತದೆ. ಹೊಸೆದು ಟೇಪ್ ಸುತ್ತಿದ ಜಾಗ ಎಳೆತಕ್ಕೆ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ, ಬಿಸಿಗೆ ಟೇಪಿನ ಅಂಟು ಜಾರುತ್ತದೆ. ತುಂಡಾದಲ್ಲಿಂದ ಕತ್ತರಿಸಿ, ಉಳಿದ ಗಿಡ್ಡ ವೈರಿಗೇ ಹೊಸ ಪ್ಲಗ್ ಹಾಕಿಸುವುದು ಸರಿಯಾದ ದಾರಿ. ತೀರಾ ಗಿಡ್ಡವಾದರೆ ಇಡೀ ವೈರನ್ನೇ ಬದಲಿಸಿ. ನನ್ನ ಮೆಷಿನ್ನಿಗೆ ಆ ಹುಡುಗ ಮಾಡಿದ್ದೂ ಅದನ್ನೇ.

ಪ್ಲಗ್ಗೇ ಇಲ್ಲದೆ ವೈರಿನ ತುದಿ ಸುಲಿದು, ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಚುಚ್ಚುವ ಪದ್ಧತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. “ಹತ್ತು ವರ್ಷದಿಂದ ಹೀಗೇ ಮಾಡ್ತಿದೀನಿ” ಅನ್ನುವವರಿಗೆ ಉತ್ತರವೂ ಇಲ್ಲ.

“ಸ್ವಿಚ್ ಆಫ್ ಮಾಡಿದ್ದೇನೆ, ಬ್ಲೇಡು ಬದಲಿಸಬಹುದು”

ಮೆಷಿನ್ನಿನ ಸ್ವಿಚ್ಚಿಗೆ ಬೆರಳು ತಗುಲಿದರೆ ಸಾಕು, ಇನ್ನೊಂದು ಕೈಯ ಬೆರಳಿನ ನಡುವೆ ಇರುವ ಬ್ಲೇಡು ನಿಮಿಷಕ್ಕೆ ಮೂರು ಸಾವಿರ ಸಲ ಮೇಲೆ ಕೆಳಗೆ ಓಡಲು ಶುರು. ಜೊತೆಗೆ ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿಯೂ ಹಾಕಬಹುದು. ಸ್ವಿಚ್ ಒಂದೇ ಎಳೆ ಕಡಿಯುವಂಥದ್ದಾದರೆ, ಆಫ್ ಆಗಿರುವಾಗಲೂ ಫೇಸ್ ಮೋಟಾರಿನವರೆಗೆ ಬಂದು ಕೂತಿರಬಹುದು. ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ, ಆಮೇಲೆ ಬ್ಲೇಡಿಗೆ ಕೈ ಹಾಕಿ. ಈಗಷ್ಟೇ ಕೊಯ್ದ ಬ್ಲೇಡಾದರೆ ಸ್ವಲ್ಪ ತಡೆಯಿರಿ, ಕೈ ಸುಡುತ್ತದೆ.

“ಚೆಂದದ ಮುಖ ಮೇಲಿರಬೇಕು”

ಕೈಗರಗಸ ಹಿಡಿದು ಬೆಳೆದವರ ನಂಬಿಕೆ ಇದು, ಆ ಗರಗಸಕ್ಕೆ ಸರಿಯೂ ಹೌದು. ತಳ್ಳಿ ಕೊಯ್ಯುವ ಗರಗಸ ಕೆಳಕ್ಕೆ ಇಳಿಯುವಾಗ ಕಚ್ಚುತ್ತದೆ, ಸೀಳು ಏಳುವುದು ಅಡಿಯಲ್ಲಿ. ಜಿಗ್‌ಸಾದ ಮಾಮೂಲಿ ಬ್ಲೇಡಿನ ಹಲ್ಲುಗಳು ಮೇಲ್ಮುಖ. ಅದು ಕೊಯ್ಯುವುದು ಮೇಲೆ ಬರುವಾಗ. ಹಾಗಾಗಿ ಮೈಕಾದ ಮುಖವನ್ನು ಕೆಳಗೆ ಮಾಡಿ, ಹಿಂಬದಿಯಲ್ಲಿ ಗೆರೆ ಎಳೆದು ಕೊಯ್ಯಬೇಕು.

1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲ್ಲಾ ಕಂಪನಿಯ ಆಲ್ಬರ್ಟ್ ಕೌಫ್‌ಮನ್ ಎಂಬ ಇಂಜಿನಿಯರ್ ಹೆಂಡತಿಯ ಹೊಲಿಗೆ ಯಂತ್ರದ ಸೂಜಿ ತೆಗೆದು ಗರಗಸದ ಬ್ಲೇಡು ಕಟ್ಟಿದ್ದರಿಂದ ಜಿಗ್‌ಸಾ ಹುಟ್ಟಿತು ಎನ್ನುತ್ತಾರೆ. ಆ ಹುಟ್ಟುಗುಣ ಈಗಲೂ ಇದೆ. ಹೊಲಿಗೆ ಯಂತ್ರದಲ್ಲಿ ಸೂಜಿ ಮೇಲೇರುವಾಗ ಬಟ್ಟೆ ಏಳದಂತೆ ಒಂದು ಪಾದ ಒತ್ತಿ ಹಿಡಿಯುತ್ತದಲ್ಲ, ಜಿಗ್‌ಸಾದ ತಳದ ತಟ್ಟೆ ಮಾಡುವುದೂ ಅದನ್ನೇ. ತಟ್ಟೆ ಹಲಗೆಗೆ ಒತ್ತಿ ಕೂರದಿದ್ದರೆ ಮೆಷಿನ್ ಕುಣಿಯುತ್ತದೆ, ಬ್ಲೇಡು ಮುರಿಯುತ್ತದೆ. ಹಲಗೆಯನ್ನು ಸಿ-ಕ್ಲ್ಯಾಂಪಿನಿಂದ ಬಿಗಿಯಿರಿ. ಮಗನನ್ನು ಕರೆದು “ಇಲ್ಲಿ ಹಿಡ್ಕೋ ಮರಿ” ಅನ್ನಬೇಡಿ. ಹಿಡಿಯುವವನ ಬೆರಳು ಹಲಗೆಯ ಅಡಿಗೆ ಹೋಗುತ್ತದೆ, ಬ್ಲೇಡಿನ ತುದಿ ಓಡಾಡುವುದು ಅಲ್ಲೇ, ನಿಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ನನ್ನ ವೈರು ಸಿಕ್ಕಿಬಿದ್ದದ್ದೂ ಅಲ್ಲೇ. ಈಗ ವೈರನ್ನು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಇಳಿಬಿಟ್ಟು, ಒಮ್ಮೆ ಬಗ್ಗಿ ಹಲಗೆಯ ಕೆಳಗೆ ಇಣುಕಿದ ಮೇಲೆಯೇ ಸ್ವಿಚ್ ಒತ್ತುತ್ತೇನೆ.

ಇಂದು ಮನೆಯಲ್ಲಿ ಕೊಯ್ಯುವ ಕೆಲಸ ಇಲ್ಲದಿದ್ದರೂ ಒಂದು ಕೆಲಸ ಮಾಡಿ. ಕಂಪ್ಯೂಟರ್ ಆಫ್ ಮಾಡಿಕೊಂಡು, ಮೇನ್ ಬೋರ್ಡಿನ ಆರ್‌ಸಿಸಿಬಿಯಲ್ಲಿ ‘ಟಿ’ ಎಂದು ಬರೆದಿರುವ ಸಣ್ಣ ಬಟನ್ ಒತ್ತಿ. ತಟ್ಟನೆ ಬೀಳಬೇಕು. ಬೀಳದಿದ್ದರೆ, ಅಥವಾ ಅಂಥ ಬಟನ್ನೇ ಕಾಣದಿದ್ದರೆ, ಮೆಷಿನ್ನನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲು ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ.