ಗಾಣದ ಸುತ್ತು, ಗಣಕದ ವೇಗ

ಕಬ್ಬು ನುರಿಸುವ ಕಾಲದಲ್ಲಿ ಚಿಕ್ಕೋಡಿ, ರಾಯಬಾಗಗಳ ಕಡೆಯ ಆಲೆಮನೆಯನ್ನು ಹೊಕ್ಕು ಬಂದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಗಾಣವು ಎಷ್ಟು ಬೇಗ ತಿರುಗಿತೆಂಬುದೊಂದರಿಂದಲೇ ಕಬ್ಬಿನ ಹಾಲಿನ ಲೆಕ್ಕ ಸಿಕ್ಕದು; ಒಂದೊಂದು ಸುತ್ತಿಗೆ ಎಷ್ಟು ಹಾಲು ಇಳಿಯಿತೆಂಬುದನ್ನೂ ನೋಡಬೇಕು. ಮನೆಗೆ ಕಂಪ್ಯೂಟರ್ ಕೊಳ್ಳುವವರಿಗೂ ಇದೇ ವಿವೇಕ ಅವಶ್ಯ.

ಮಗಳ ಕಾಲೇಜು ವ್ಯಾಸಂಗಕ್ಕೆಂದು ತಿಂಗಳ ಸಂಬಳದಲ್ಲಿ ಕೂಡಿಟ್ಟ ಹಣದೊಡನೆ ಹಳೆಯ ಯಂತ್ರವೊಂದನ್ನು ಕೊಳ್ಳಹೊರಟ ತಂದೆಗೆ ಮಾರುವವನ ಮಾತೇ ಪ್ರಮಾಣ. ಆದರೆ ಯಂತ್ರವು ತನ್ನ ಜಾತಕವನ್ನು ತಾನೇ ಹೇಳಬಲ್ಲದು!

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ಎಂಬುದನ್ನೂ, ಅದರೊಳಗೆ ಸಿಪಿಯು ಎಂಬುದನ್ನೂ ಆರಿಸಬೇಕು. ಮೇಲ್ಗಡೆ ಪ್ರೊಸೆಸರಿನ ಹೆಸರು ಕಾಣುತ್ತದೆ. ಕೆಳಗಡೆ ಬೇಸ್ ಸ್ಪೀಡ್, ಅರ್ಥಾತ್ ತಯಾರಕರು ಗೊತ್ತುಪಡಿಸಿದ ಮೂಲವೇಗ, ಮತ್ತು ಸ್ಪೀಡ್, ಅರ್ಥಾತ್ ಆ ಕ್ಷಣದ ವೇಗ, ಎರಡೂ ಇರುತ್ತವೆ. 2.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 240 ಕೋಟಿ ಮಿಡಿತ. 1981ರಲ್ಲಿ ಬಂದ ಐಬಿಎಂ ಪಿಸಿಯದು ಸುಮಾರು 48 ಲಕ್ಷ ಮಾತ್ರ!

ಕ್ಷಣದ ವೇಗವು ಏರಿಳಿಯುವುದು ದೋಷವಲ್ಲ. ಕೆಲಸವಿಲ್ಲದಾಗ ವಿದ್ಯುತ್ತಿನ ಉಳಿತಾಯಕ್ಕಾಗಿ ಅದು ತಗ್ಗುತ್ತದೆ. ಭಾರ ಬಿದ್ದಾಗ ಮೂಲವೇಗವನ್ನು ಮೀರುವುದೂ ಉಂಟು. ಭಾರ ಬಿದ್ದಾಗಲೂ ಮೂಲವೇಗಕ್ಕಿಂತ ಬಹಳ ಕೆಳಗೇ ನಿಂತರೆ ಮಾತ್ರ ಕಾರಣವನ್ನು ಹುಡುಕಬೇಕು. ವಿದ್ಯುತ್ ಉಳಿಸುವ ಏರ್ಪಾಡು ಜಾರಿಯಲ್ಲಿರಬಹುದು. ಇಲ್ಲವೆ ಫ್ಯಾನಿನಲ್ಲಿ ಧೂಳು ತುಂಬಿ ಶಾಖವೇರಿರಬಹುದು. ಕಾದ ಪ್ರೊಸೆಸರ್ ಆತ್ಮರಕ್ಷಣೆಗಾಗಿ ತಾನೇ ನಿಧಾನವಾಗುತ್ತದೆ. ಅಥಣಿಯ ಬೇಸಗೆಯಲ್ಲಿ ಇದು ಅಚ್ಚರಿಯ ಮಾತಲ್ಲ. ಹೊಸ ಯಂತ್ರಕ್ಕೆ ಹಣ ಸುರಿಯುವ ಮುನ್ನ ಧೂಳು ತೆಗೆಸಿ ನೋಡುವುದು ಲೇಸು.

ಇನ್ನು ಆ ಅಂಕಿಯನ್ನು ಎಷ್ಟು ನಂಬಬೇಕು? 2004ರಲ್ಲಿಯೇ ಪೆಂಟಿಯಮ್ 4 ಪ್ರೊಸೆಸರಿನ ವೇಗ 3.8 ಗಿಗಾಹರ್ಟ್ಸ್ ಮುಟ್ಟಿತ್ತು. 2008ರಲ್ಲಿ ಇಂಟೆಲ್ ಕಂಪನಿಯ ಬೆಂಗಳೂರು ಕೇಂದ್ರದ ಇಂಜಿನಿಯರರು ವಿನ್ಯಾಸಗೊಳಿಸಿದ, ದೊಡ್ಡ ಸರ್ವರ್ ಯಂತ್ರಗಳ ಜಿಯಾನ್ 7400 ಪ್ರೊಸೆಸರಿನ ವೇಗವಾದರೋ ಹೆಚ್ಚೆಂದರೆ 2.66. ಆದರೂ ಅದರೊಳಗೆ ಆರು ಕೋರ್‌ಗಳು. ಒಂದೇ ಸೂರಿನ ಕೆಳಗೆ ಆರು ಗಾಣಗಳಿದ್ದಂತೆ!

ಮನೆಯ ಯಂತ್ರಗಳಲ್ಲಿಯೂ ಅಷ್ಟೆ. 2011ರ ಕೋರ್ ಐ7-2600ರ ಮೂಲವೇಗ 3.4, 2022ರ ಕೋರ್ ಐ3-12100ರದು 3.3. ಎರಡಕ್ಕೂ ನಾಲ್ಕು ಕೋರ್‌ಗಳೇ. ಆದರೂ ಕೆಲಸದಲ್ಲಿ ಹೊಸ ಐ3 ಬಹಳ ಮುಂದು. ಒಂದೊಂದು ಮಿಡಿತಕ್ಕೆ ಅದು ಮಾಡುವ ಕೆಲಸವೇ ಹೆಚ್ಚು. ‘ಐ7 ಇದೆ’ ಎಂಬ ಮಾತಿಗೆ ಮರುಳಾಗದೆ, ಮುಂದಿನ ಅಂಕಿಗಳನ್ನು ಓದಬೇಕು: 2600 ಎಂದರೆ ಎರಡನೆಯ ತಲೆಮಾರು, 12100 ಎಂದರೆ ಹನ್ನೆರಡನೆಯದು.

ಆದುದರಿಂದ ಹಣ ಕೊಡುವ ಮೊದಲೇ, ಅಂಗಡಿಯ ಮೇಜಿನ ಮೇಲೆಯೇ, ಆ ಮೂರು ಕೀಲಿಗಳನ್ನು ಒತ್ತಿ ಹೆಸರು, ತಲೆಮಾರು, ಕೋರ್, ವೇಗ ನಾಲ್ಕನ್ನೂ ಬರೆದುಕೊಳ್ಳುವುದು ಜಾಣತನ. ಗಾಣದ ಸದ್ದನ್ನು ಕೇಳಿ ಬೆಲೆ ಕಟ್ಟುವವರುಂಟೆ? ಕೊಪ್ಪರಿಗೆಗೆ ಇಳಿದ ಹಾಲನ್ನು ನೋಡಿಯೇ ಕಟ್ಟಬೇಕು.